ಮಾವ ಹಾಕಿಸಿದ ಹೆಚ್ಚಿನ ಪಾಟಾ

ಮೋಸ ಎಂಬ ಪದವನ್ನು ನಾನು ಆತುರದಲ್ಲಿ ಬಳಸುತ್ತಿಲ್ಲ. ಬಹಳ ದಿನ ಯೋಚಿಸಿದ ಮೇಲೂ ನನಗೆ ಬೇರೆ ಪದ ದೊರೆಯಲಿಲ್ಲ.

ನನ್ನ ಅಣ್ಣ ಬೈತಖೋಲ ಬಂದರಿನಲ್ಲಿ ಮೀನಿನ ಪೆಟ್ಟಿಗೆಗಳನ್ನು ಹೇರುವ ಕೆಲಸದಲ್ಲಿದ್ದನು. ಫೈಬರ್ ದೋಣಿಗಳನ್ನು ಟ್ರೇಲರಿನ ಮೇಲಿಟ್ಟು, ದುರಸ್ತಿಗೆಂದು ಅಂಕೋಲೆಯ ಕಡೆಗೆ ಎಳೆದೊಯ್ಯುವ ಸ್ವಂತ ಪಿಕಪ್ ಗಾಡಿ ಬೇಕೆಂಬುದು ಅವನ ಬಹುದಿನದ ಆಸೆ. ಬೊಬ್ರುವಾಡದಲ್ಲಿದ್ದ ನಮ್ಮ ಸೋದರಮಾವ ತಮ್ಮ ಹಳೆಯ ಪಿಕಪ್ಪನ್ನು ಅವನಿಗೆ ಮಾರುವುದಾಗಿ ಹೇಳಿದಾಗ, ಮನೆಯವರೆಲ್ಲರೂ ಅದನ್ನು ಅದೃಷ್ಟವೆಂದೇ ಭಾವಿಸಿದೆವು.

ನಮ್ಮಲ್ಲಿ ಗಾಡಿ ಕೊಳ್ಳುವವರು ಮೊದಲು ನೆಲಕ್ಕೆ ಕುಳಿತು ಅದರ ಅಡಿಯನ್ನು ನೋಡುತ್ತಾರೆ. ಹಿಂದಿನ ಚಕ್ರದ ಬಳಿ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳನ್ನು, ಅಂದರೆ ಪಾಟಾಗಳನ್ನು, ಬೆರಳಿಟ್ಟು ಎಣಿಸುತ್ತಾರೆ. ಇಡೀ ಗಾಡಿಯನ್ನು ಹೊತ್ತ ಉಕ್ಕಿನ ಚೌಕಟ್ಟಿನ, ಅಂದರೆ ಚಾಸಿಯ, ಉದ್ದಕ್ಕೂ ಕೈಯಾಡಿಸುತ್ತಾರೆ. ಅಣ್ಣನೂ ಲುಂಗಿಯನ್ನು ಮೇಲೆತ್ತಿ ಕಟ್ಟಿ ಬಗ್ಗಿದನು. ಮಾವ ಅವನ ತೋಳು ಹಿಡಿದು ಎಬ್ಬಿಸಿದರು.

“ಮನೇಲಿ ಪದವಿ ಮಾಡ್ದವ್ಳು ಇದ್ದಾಳೆ, ನೀ ಎಂತಕ್ಕೆ ಮಾರಾಯಾ ಕೆಸರಲ್ಲಿ ಕೂತ್ಕಂತೆ? ತಂಗಿ, ಈ ಪುಸ್ತಕ ಓದಿ ಹೇಳು ಅವಂಗೆ. ಇಂಗ್ಲಿಷಲ್ಲಿ ಅದೆ, ನಮಗೆಲ್ಲಿ ತಿಳೀತದೆ!”

ಅದು ಗಾಡಿಯ ಜೊತೆ ಬಂದಿದ್ದ ಕೈಪಿಡಿ. ಪುಟವನ್ನು ಅವರೇ ತೆರೆದುಕೊಟ್ಟರು. ಗಾಡಿ ಹೊರಬಲ್ಲ ಭಾರದ ಸಾಲು ಅಲ್ಲಿತ್ತು. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದುದರಿಂದ, ಅರ್ಥಕ್ಕಿಂತ ಉಚ್ಚಾರಣೆ ತಪ್ಪಬಾರದೆಂಬ ಚಿಂತೆಯೇ ನನಗೆ ಹೆಚ್ಚಾಗಿತ್ತು. ಸ್ಪಷ್ಟವಾಗಿ ಓದಿದೆ. ದೋಣಿ, ಟ್ರೇಲರ್ ಎರಡೂ ಸೇರಿದರೂ ಅಷ್ಟು ಭಾರವಾಗದು, ಧಾರಾಳವಾಗಿ ಎಳೆಯಬಹುದು ಎಂದು ನಾನಾಗಿಯೇ ಸೇರಿಸಿದೆ.

“ಕೇಳ್ದ್ಯಾ? ಸರಕಾರದ ಶಿಕ್ಕಾ ಬಿದ್ದಂಗಾಯ್ತು!” ಎಂದರು ಮಾವ. ಎಲ್ಲರೂ ನಕ್ಕರು. ಅಣ್ಣ ಕೈ ಒರೆಸಿಕೊಂಡನು. ಮತ್ತೆ ಬಗ್ಗಲಿಲ್ಲ.

ಗಾಡಿ ಕೊಂಡ ಮೇಲೆ ಅಣ್ಣ ಮೂರನೆಯ ದೋಣಿಯನ್ನು ಎಳೆದೊಯ್ಯುತ್ತಿದ್ದ ದಿನ, ತೋಡೂರಿನ ಬಳಿ ರಸ್ತೆಯ ಗುಂಡಿಯೊಂದಕ್ಕೆ ಹಿಂದಿನ ಚಕ್ರ ಇಳಿದಾಗ ಚಾಸಿಯೇ ಸೀಳಿತು. ಟ್ರೇಲರಿನ ಮೂತಿ ಕಳಚಿ ನೆಲಕ್ಕೆ ಬಡಿಯಿತು. ದೋಣಿ ಜಾರಿ ಗಟಾರದಲ್ಲಿ ಮಗುಚಿತು. ಯಾರಿಗೂ ಗಾಯವಾಗಲಿಲ್ಲ. ಆದರೆ ದೋಣಿಯ ಯಜಮಾನ ಅದರ ಒಡೆದ ತಳವನ್ನೇ ನೋಡುತ್ತ ನಿಂತಿದ್ದನು. ಆಮೇಲೆ ಬಂದರಿನಲ್ಲಿ ಯಾರೂ ಅಣ್ಣನಿಗೆ ದೋಣಿ ಒಪ್ಪಿಸಲಿಲ್ಲ.

ಗಾಡಿಯನ್ನು ಅಂಕೋಲೆಯ ಪಾಟಾ ಕೆಲಸದವನಲ್ಲಿಗೆ ಎಳೆಸಿಕೊಂಡು ಹೋದೆವು. ಅವನು ಅಡಿಗೆ ನುಸುಳಿ, ಹೊರಬಂದು, ಅಣ್ಣನನ್ನು ಬಿಟ್ಟು ನನ್ನನ್ನು ನೋಡಿದನು. ಕನ್ನಡಕ, ಕೈಯಲ್ಲಿ ಪುಸ್ತಕ. ನಾನು ಶಿಕ್ಷಕಿಯೆಂದೇ ಅವನು ತಿಳಿದಿರಬೇಕು.

“ಅಕ್ಕೋರೇ, ಈ ಮೇಲಿನ ಪಾಟಾ ನಾನೇ ಹಾಕಿದ್ದು. ಹಿಂದ್ಗಡೆ ಕುಸ್ದು ಕೂತಿತ್ತು, ಎತ್ತಿ ಕೊಡು ಅಂದ್ರು ನಿಮ್ಮ ಮಾವ. ಚಾಸಿ ಬಿರುಕು ಬಿಟ್ಟದೆ, ಪಾಟಾ ಬಿಗಿಯಾದಷ್ಟೂ ಪೆಟ್ಟು ಅದಕ್ಕೇ ಬೀಳ್ತದೆ ಅಂದೆ. ಮೇಲಿಂದ ಕಪ್ಪು ಬಣ್ಣ ಹೊಡಿ, ಸಾಕು ಅಂದ್ರು.”

ಅಲ್ಲಿಯೇ ಬೆಂಚಿನ ಮೇಲೆ ಕುಳಿತು ನಾನು ಪುಸ್ತಕದ ಮುಂದಿನ ಪುಟ ತಿರುವಿದೆ. ಹೊರುವ ಭಾರವೇ ಬೇರೆ, ಎಳೆಯುವ ಭಾರವೇ ಬೇರೆ, ಎಳೆಯುವುದರ ಮಿತಿ ಬಹಳ ಕಡಿಮೆ ಎಂದು ಅಲ್ಲಿ ಬರೆದಿತ್ತು. ಪಾಟಾ ಸೇರಿಸಿದ ಮಾತ್ರಕ್ಕೆ ಯಾವ ಮಿತಿಯೂ ಹೆಚ್ಚುವುದಿಲ್ಲ. ಕಠಿಣವಾದ ಒಂದು ಪದವೂ ಅಲ್ಲಿರಲಿಲ್ಲ.

ಮಾವನ ಮನೆಗೆ ನಾನೊಬ್ಬಳೇ ಹೋದೆ. ಅವರು ಅಂಗಳದಲ್ಲಿ ಬಲೆಯ ಗಂಟು ಬಿಡಿಸುತ್ತಿದ್ದರು. ತಲೆ ಎತ್ತದೆಯೇ ನುಡಿದರು: “ನಾ ಎಂತ ಹೇಳ್ದೆ ತಂಗಿ? ಓದ್ದವ್ಳು ನೀನು.”

ಅವರಿಗೆ ಬಿರುಕು ಗೊತ್ತಿತ್ತು. ಅದಕ್ಕೆ ಬಳಿದ ಬಣ್ಣದಲ್ಲಿ ನನ್ನ ಓದೂ ಸೇರಿತ್ತು.

ಅಣ್ಣ ನನ್ನನ್ನು ಒಮ್ಮೆಯೂ ದೂರಲಿಲ್ಲ. ಕಳೆದ ತಿಂಗಳು ಬೇರೊಂದು ಗಾಡಿಯನ್ನು ನೋಡಲು ನನ್ನನ್ನೂ ಕರೆದೊಯ್ದನು. ಮಾರುವವನು ಪುಸ್ತಕವನ್ನು ನನ್ನ ಕೈಗಿತ್ತನು. ಅಣ್ಣ ಗೋಣಿ ಹಾಸಿ ಗಾಡಿಯ ಅಡಿಗೆ ಸರಿದನು. ಬಹಳ ಹೊತ್ತು ಅವನ ಪಾದಗಳು ಮಾತ್ರ ಕಾಣುತ್ತಿದ್ದವು. ಹೊರುವ ಭಾರ, ಎಳೆಯುವ ಭಾರ, ಎರಡರ ಪುಟಗಳಲ್ಲೂ ಬೆರಳಿಟ್ಟುಕೊಂಡು ನಾನು ಸಿದ್ಧಳಾಗಿ ನಿಂತಿದ್ದೆ.

ಹೊರಬಂದವನು ಕೈ ಒರೆಸಿಕೊಂಡನು. ಓದು ಎಂದು ನನಗೆ ಹೇಳಲಿಲ್ಲ.