ಬಾಯಾಗಿನ ಹಸಿರು ದಾರ

ಹತ್ತಿಮತ್ತೂರಿನ ರಾಜಶ್ರೀ ಚಾದಾಗ ಸಕ್ಕರಿ ಬಿಟ್ಟು ಎರಡು ತಿಂಗಳಾತು. ಓಣಿ ಮಂದಿ ಸುಮ್ನಿರ್ತಾರೇನು? "ಅಯ್ಯ ಪಾಪ, ನಲವತ್ತು ತುಂಬೂದ್ರಾಗ ಸಕ್ಕರಿ ಬ್ಯಾನಿ ಹತ್ತೇತಿ" ಅಂತ ಗುಸುಗುಸು ಮಾಡಿ, ಮೆಂತೆ ನೆನಸಿದ ನೀರು ಕುಡಿ ಅಂತ ಬುದ್ಧಿ ಹೇಳಿ ಹೋಗ್ತಾರ. ಆಕಿ ಹೂಂ ಅಂತಾಳ. ಬ್ಯಾನಿ ಇಲ್ಲ, ಮಣ್ಣೂ ಇಲ್ಲ. ಆದದ್ದ ಬ್ಯಾರೆ, ಕೇಳ್ರಿ.

ರಾಜಶ್ರೀ ದುಡಿಯೂದು ಹುಬ್ಬಳ್ಳಿ ಹೊರಗಿನ ಒಂದು ಚಿಪ್ ಕಾರ್ಖಾನ್ಯಾಗ. ತಿನ್ನೂ ಚಿಪ್ಸ್ ಅಲ್ಲರಿ ಮತ್ತ. ಮೊಬೈಲು, ಕಾರು, ವಾಷಿಂಗ್ ಮಷೀನು, ಎಲ್ಲಾದರ ಹೊಟ್ಟ್ಯಾಗ ಕುಂದ್ರತೈತಲ್ಲ, ಉಗುರಿಗಿಂತ ಸಣ್ಣದು, ಅದು. ಗಂಡ ರವಿಕುಮಾರ ಟೆಂಪೋ ಮ್ಯಾಲಿಂದ ಬಿದ್ದು ಸೊಂಟ ಮುರಕೊಂಡ ವರ್ಷ ಈಕಿ ಅಲ್ಲಿ ಸೇರಿದ್ಲು. ಅತ್ತಿ ಅಡಿವೆವ್ವನ ಔಷಧ, ಮಗಳು ಹೇಮಾನ ನರ್ಸಿಂಗ್ ಓದು, ನಾಲ್ಕೂ ಮಂದಿ ರೊಟ್ಟಿ, ಎಲ್ಲಾ ಅದೊಂದ ಪಗಾರದ ಮ್ಯಾಲ. ಮುಂಜಾನೆ ಟಂಟಂ ಹಿಡದು ಯಲವಿಗಿ ಟೇಶನ್ನು, ಅಲ್ಲಿಂದ ರೈಲು, ಹುಬ್ಬಳ್ಳ್ಯಾಗ ಇಳದ್ರ ಕಂಪನಿ ಬಸ್ಸು. ನಾಲ್ಕು ವರ್ಷ ಹಿಂಗ ತಿರುಗಿದಾಕಿ.

ಆ ರೈಲಿನಾಗ ಬಾಜೂಕ ಕುಂದ್ರೂದು ಫರ್ಹತ. ಸವಣೂರಾಗ ಎಣ್ಣ್ಯಾಗ ಖಾರಾ ಕರದು ಮಾರೂ ಮಕ್ತುಮಸಾಬರ ಮಗಳು, ವಯಸ್ಸಿನಾಗ ರಾಜಶ್ರೀಗಿಂತ ಹನ್ನೆರಡು ವರ್ಷ ಸಣ್ಣಾಕಿ, ಕೆಲಸದಾಗ ಆಕಿಗೆ ಗುರು. ಮೊದಲ್ನೇ ವಾರ ಸಣ್ಣ ಚಿಮಟಿಗಿ ಸರಿಯಾಗಿ ಹಿಡಿಯಾಕ ಬರಲಾರದ, ಚಿಪ್ಪೆಲ್ಲಾ ಚೆಲ್ಲಿ, ಪಾಯಖಾನ್ಯಾಗ ನಿಂತು ಅಳಾಕತ್ತಿದ್ದ ರಾಜಶ್ರೀನ ಕೈ ಹಿಡದು ಹೊರಗ ತಂದಾಕಿ ಈ ಫರ್ಹತ. "ರಾಜಕ್ಕಾ, ಉಸರು ಹಿಡದು ಎತ್ತಬ್ಯಾಡ, ಉಸರು ಬಿಟ್ಟು ಎತ್ತು" ಅಂತ ಹದಿನೈದು ದಿನ ಬೆನ್ನಿಗೆ ನಿಂತು ಕಲಿಸಿದ್ಲು. ಆಮ್ಯಾಲ ಬುತ್ತಿ ಒಂದ ಆತು. ಇವಳ ರೊಟ್ಟಿ, ಅವಳ ಖಾರಾ.

ಒಳಗ ಚಿಪ್ ಜೋಡಿಸೂ ಖೋಲಿಗೆ ಕ್ಲೀನ್ ರೂಮ್ ಅಂತಾರ. ಅಲ್ಲಿ ಧೂಳಿನ ಒಂದು ಕಣ ಬಿದ್ರ ಸಾವಿರ ಚಿಪ್ ಕೆಡತಾವು. ಅದಕ ಕಣ್ಣಷ್ಟ ಕಾಣೂ ಬಿಳಿ ಸೂಟು ಹಾಕ್ಕೊಂಡ ಹೋಗಬೇಕು. ಕುಂಕುಮ ಇಲ್ಲ, ಪೌಡರ್ ಇಲ್ಲ, ಸುರ್ಮಾ ಇಲ್ಲ, ಬಳಿ ಇಲ್ಲ, ಮೈಮ್ಯಾಲ ಒಂದು ಎಳಿ ದಾರ ಇರೂಹಂಗಿಲ್ಲ. "ಬೋಳು ಹಣಿ ಹೊತ್ತು ದುಡಿಯೂದು ಅದ್ಯಾವ ಸೀಮಿ ನೌಕರಿ?" ಅಂತ ಅಡಿವೆವ್ವ ವರ್ಷಗಟ್ಲೆ ಬೈದು, ಪಗಾರದ ರುಚಿ ಹತ್ತಿದ ಮ್ಯಾಲ ತಾನ ಸುಮ್ನಾದ್ಲು.

ನೌಕರಿ ಚಲೋನ ಇತ್ತು. ಆದ್ರ ಹೋದ ಎರಡು ವರ್ಷದಿಂದ ಲಿಸ್ಟಿನ ಪೀಡಾ ಗಂಟು ಬಿತ್ತು. ಎಲ್ಲೋ ದೂರದ ದೇಶದಾಗ ಆರ್ಡರ್ ಕಡಿಮ್ಯಾದ್ರ ಇಲ್ಲಿ ಲಿಸ್ಟು. ಹೊಸಾ ಮಷೀನು ಬಂದ್ರ ಲಿಸ್ಟು. ಮೂರ್ನಾಲ್ಕು ತಿಂಗಳಿಗೊಮ್ಮೆ ಹತ್ತೋ ಇಪ್ಪತ್ತೋ ಮಂದಿ ಮನಿಗೆ. ಬಾಯಿಬಿಟ್ಟು ಹೇಳೂ ಧೈರ್ಯ ಯಾವ ಸಾಹೇಬಗೂ ಇಲ್ಲ. ಮುಂಜಾನೆ ಗೇಟಿನಾಗ ಕಾರ್ಡ್ ಮುಟ್ಟಿಸಬೇಕು, ಹಸಿರು ದೀಪ ಹತ್ತಿದ್ರ ಒಳಗ, ಕೆಂಪು ಹತ್ತಿದ್ರ ಹಂಗ ತಿರುಗಿ ಊರಿಗೆ. ಬುತ್ತಿ ಗಂಟು ಬಿಚ್ಚದ ವಾಪಸ್ ಹೋದವರನ್ನ ರಾಜಶ್ರೀ ಕಣ್ಣಾರೆ ನೋಡ್ಯಾಳ.

ಮಂದಿಗೆ ಹುಚ್ಚು ಹಿಡಿಯೂದೊಂದು ಬಾಕಿ. ಕೆಂಪು ದೀಪ ಹತ್ತಬಾರ್ದಂತ, ಅದ ಕಾರ್ಖಾನ್ಯಾಗ ದುಡಿಯೂ ಯಲವಿಗಿ ಗುತ್ತೆಪ್ಪ ರೈಲಿನಾಗ ದಿನಾ ಒಂದ ಜಾಗಾದಾಗ ಕುಂದ್ರಾವ. ಬ್ಯಾರೆ ಯಾರರ ಕುಂತಿದ್ರ ಜಗಳ ತಗದಾದ್ರೂ ಎಬ್ಬಸಾವ. ಒಬ್ಬಾಕಿ ಎಡಗೈಲೆ ಕಾರ್ಡ್ ಮುಟ್ಟಸೂದ ಬಿಟ್ಲು. ನಗಬ್ಯಾಡ್ರಿ, ಅವರ ಜಾಗಾದಾಗ ನಿಂತು ನೋಡ್ರಿ.

ಹೋದ ಫೆಬ್ರವರ್ಯಾಗ ಮತ್ತ ಸುದ್ದಿ ಎದ್ದಿತು. ಈ ಸಲ ಪ್ರತಿ ಲೈನಿನಿಂದ ಒಬ್ಬರಂತ. ರಾಜಶ್ರೀಗೆ ಊಟ ಸೇರವಲ್ಲದು. ಆಕಿ ಮಾರಿ ನೋಡಲಾರದ ಫರ್ಹತ ಒಂದು ಶುಕ್ರವಾರ ಊರ ದರ್ಗಾಕ್ಕ ಹೋಗಿ ಎರಡು ಹಸಿರು ದಾರ ತಂದ್ಲು. ಒಂದು ತನ್ನ ಪರ್ಸಿನಾಗ ಇಟ್ಕೊಂಡ್ಲು, ಇನ್ನೊಂದು ರೈಲಿನಾಗ ರಾಜಶ್ರೀ ಮುಂಗೈಗೆ ಕಟ್ಟಿದ್ಲು.

"ಬೇಡ್ಕೊಂಡ ಬಂದೇನಿ ಅಕ್ಕಾ. ಆತಂದ್ರ ಸಕ್ಕರಿ ಓದಸೂದೈತಿ. ಆದ್ರ ನೋಡು, ಒಳಗ ಹೋಗೂ ಮುಂದ ಬಿಚ್ಚಿ ಲಾಕರಿನಾಗ ಇಡು. ಮರೀಬ್ಯಾಡ."

ಸಕ್ಕರಿ ಓದಸೂದು ಆ ಕಡೆ ಎಲ್ಲಾರಿಗೂ ಗೊತ್ತಿದ್ದದ್ದ. ಬೇಡಿದ್ದು ಆದ್ರ ದರ್ಗಾದಾಗ ಸಕ್ಕರಿ ಓದಿಸಿ ನಾಲ್ಕು ಮಂದಿ ಬಾಯಿಗೆ ಹಾಕೂದು. ಅಡಿವೆವ್ವನೂ ಮಗನ ಸೊಂಟದ ಸಲುವಾಗಿ ಓದಿಸಿದಾಕಿ.

ರಾಜಶ್ರೀ ಮೂರು ದಿನ ಬಿಚ್ಚಿ ಇಟ್ಲು. ನಾಲ್ಕನೇ ದಿನ ಗೇಟಿನ್ಯಾಗ ಇಬ್ಬರಿಗೆ ಕೆಂಪು ದೀಪ ಹತ್ತಿದ್ದ ನೋಡಿದ್ಲು. ಈಗ ದಾರ ಬಿಚ್ಚಿದ್ರ ನನ್ನ ಪಾಳಿನ ಅನ್ನಿಸ್ತು. ಕೈಗವಸಿನ ಒಳಗ ದಾರ ಮುಚ್ಚಿ, ಮ್ಯಾಲ ಸೂಟಿನ ತೋಳು ಎಳಕೊಂಡು ಒಳಗ ಹೋದ್ಲು. ಓದಿದ ಮಗಳ ತಾಯಿ, ನಾಲ್ಕು ವರ್ಷದ ಅನುಭವ, ಆದ್ರೂ ಹೋದ್ಲು. ಹೆದರಿಕಿ ಮುಂದ ಬುದ್ಧಿ ಎಲ್ಲಿ ನಿಂದರತೈತ್ರಿ?

ಮಧ್ಯಾಹ್ನ ತಪಾಸಣಿ ಮೈಕ್ರೋಸ್ಕೋಪಿನಾಗ ಹಸಿರು ಎಳಿ ಕಂಡ್ತು. ಒಂದು ಇಡೀ ಲಾಟ್ ಚಿಪ್ ಕಸದಬುಟ್ಟಿಗೆ. ಸುಪರ್ವೈಜರ್ ಅಂಬರೀಶ ಸಾಹೇಬ ಲೈನಿನ ಏಳೂ ಹೆಣ್ಮಕ್ಕಳನ್ನ ಹೊರಗ ಕರದ. ಬಟ್ಟಿ ಬದಲಿಸೂ ಖೋಲ್ಯಾಗ ರಾಜಶ್ರೀ ಮೂಲ್ಯಾಗ ತಿರುಗಿ ನಿಂತು, ಹಲ್ಲಿಲೆ ದಾರ ಕಡದ್ಲು. ಎಲ್ಲಿ ಒಗೀಬೇಕು? ಬಾಗಲಾಗ ಗಾರ್ಡ್ ನಿಂತಾಳ, ಕಸದಬುಟ್ಟಿನೂ ತಡಕಾಡಾಕತ್ತಾಳ. ದಾರ ಬಾಯಾಗ ಹಾಕ್ಕೊಂಡು ಗಲ್ಲದ ಸಂದ್ಯಾಗ ಒತ್ತಿಕೊಂಡ್ಲು.

ಏಳೂ ಮಂದಿ ಮುಂಗೈ ನೋಡಿದ್ರು, ಏನೂ ಇಲ್ಲ. ಆಮ್ಯಾಲ ಲಾಕರ್ ತಗಿಸಿದ್ರು. ಫರ್ಹತನ ಪರ್ಸಿನಾಗ ಹಸಿರು ದಾರ ಸಿಕ್ತು.

"ಇದು ನಂದ್ರಿ ಸಾಹೇಬ್ರ. ಖರೇ ಹೇಳ್ತೇನಿ, ಒಳಗ ಒಯ್ದಿಲ್ರಿ. ಒಂದು ದಿನಾನೂ ಒಯ್ದಿಲ್ರಿ."

"ಹಂಗಾದ್ರ ಒಳಗ ಬಂದದ್ದು ಯಾರದು? ಇಂಥಾದ್ದು ಇನ್ಯಾರ ಹತ್ರ ಐತಿ?"

ಫರ್ಹತ ಹೊಳ್ಳಿ ರಾಜಶ್ರೀ ಮಾರಿ ನೋಡಿದ್ಲು. ಆಕಿಗೆ ಗೊತ್ತಿರಲಾರದ್ದೇನು, ಕಟ್ಟಿದಾಕಿನ ಆಕಿ. ಬೈಲಿಲ್ಲ, ಬೆರಳು ಮಾಡಿ ತೋರಿಸ್ಲಿಲ್ಲ. ಬರೇ ನೋಡಿಕೋತ ನಿಂತ್ಲು, ನೀನ ಹೇಳ್ತಿ ಅಲ್ಲಾ ಅನ್ನೂವಂಗ. ಅಂಬರೀಶ ಮತ್ತೊಮ್ಮೆ ಕೇಳಿದ. ರಾಜಶ್ರೀ ಬಾಯಾಗ ದಾರ ತೊಯ್ದು ತೊಪ್ಪಿ ಆಗಿತ್ತು, ಬಣ್ಣ ಬಿಟ್ಟು ನಾಲಗಿ ಕಹಿ ಆಗಿತ್ತು. ಬಾಯಿ ತಗದ್ರ ಹಲ್ಲೆಲ್ಲಾ ಹಸಿರು ಕಾಣತಾವು. ತಗೀಲಿಲ್ಲ.

"ಗೊತ್ತಿಲ್ರಿ" ಅಂದ್ಲು ಫರ್ಹತ, ಕಡೀಕ.

ಮರುದಿನ ಗೇಟಿನ್ಯಾಗ ಫರ್ಹತನ ಕಾರ್ಡಿಗೆ ಕೆಂಪು ದೀಪ ಹತ್ತಿತು. ಹಿಂದ ನಿಂತ ರಾಜಶ್ರೀ ಕಾರ್ಡಿಗೆ ಹಸಿರು. ಫರ್ಹತ ಬುತ್ತಿಚೀಲದಿಂದ ಖಾರಾದ ಡಬ್ಬಿ ತಗದು ರಾಜಶ್ರೀ ಕೈಯಾಗ ಇಟ್ಟು ನಡದುಬಿಟ್ಲು. ಆ ಡಬ್ಬಿ ರಾಜಶ್ರೀ ಇನ್ನೂ ತಗದಿಲ್ಲ.

ಆಮ್ಯಾಲಿಂದ ಆಕಿ ಬಾಳೇವು ಕೇಳಬ್ಯಾಡ್ರಿ. ರೈಲಿನಾಗ ಬಾಜೂಕಿನ ಜಾಗಾದಾಗ ತನ್ನ ಚೀಲ ಇಡ್ತಿದ್ಲು, ಯಾರೂ ಕುಂದ್ರಬಾರ್ದು ಅಂತ. ಸವಣೂರ ಬಸ್ಸು ಕಂಡ್ರ ಸೆರಗು ಮಾರಿಗೆ ಎಳಕೊಳ್ತಿದ್ಲು. ಹೇಮಾನ ಫೀ ತುಂಬಿ ಬಂದ ದಿನ ಮಗಳು ಕುಣಿದ್ರ, ತಾಯಿ ಅಡಗಿ ಮನ್ಯಾಗ ಹೋಗಿ ಅತ್ಲು. "ನಾ ಏನ್ ಮಾಡಬೇಕಿತ್ತು? ನಾಲ್ಕು ಹೊಟ್ಟಿ ಅದಾವ ನನಗ" ಅಂತ ತನಗ ತಾನ ಹೇಳಿಕೊಳ್ಳಾಕಿ. ಫರ್ಹತಗೂ ಹೊಟ್ಟಿ ಐತೆಲ್ಲ, ಅದಕ್ಕೇನ್ ಹೇಳ್ತಿ?

ಜುಲೈದಾಗ ಮತ್ತ ಲಿಸ್ಟಿನ ಸುದ್ದಿ. ಈ ಸಲ ಆಕಿಗೆ ಹೆದರಿಕಿಗಿಂತ ಹೇಸಿಕಿ ಹೆಚ್ಚಾತು. ಸೀದಾ ಅಂಬರೀಶ ಸಾಹೇಬನ ಖೋಲಿಗೆ ಹೋಗಿ, "ಸಾಹೇಬ್ರ, ಆವತ್ತಿನ ದಾರ ನಂದ್ರಿ. ಫರ್ಹತಂದಲ್ರಿ. ಆಕಿನ್ನ ತಿರುಗಿ ಕರೀರಿ, ನನ್ನ ತಗೀರಿ" ಅಂದುಬಿಟ್ಲು.

ಅಂವ ಎದ್ದು ಬಾಗಲಾ ಹಾಕಿದ. ಸಿಟ್ಟಾಗ್ತಾನ ಅಂತ ತಿಳದಿದ್ಲು, ಆದ್ರ ಅಂವ ದಣದವರಂಗ ಕುರ್ಚ್ಯಾಗ ಕುಂತ.

"ರಾಜಶ್ರೀ, ಆ ಲಿಸ್ಟಿನಾಗ ಒಂದು ಹೆಸರು ಕೊಡಬೇಕಿತ್ತು. ಫರ್ಹತನ ಕೈ ಚಲೋ. ನಾ ಮೊದಲ ಬರದದ್ದು ನಿನ್ನ ಹೆಸರು. ದಾರ ಸಿಕ್ಕ ಮ್ಯಾಲ ಹೊಡದು ಹಾಕಿ ಆಕಿದು ಬರದೆ. ಈಗ ನೀ ಹೇಳಿದ್ರ ಆಕಿ ಬರೂದಿಲ್ಲ. ನೀನೂ ಹೋಗ್ತಿ, ತಪ್ಪು ಹೆಸರು ಕೊಟ್ಟದ್ದಕ್ಕ ನಾನೂ ಹೋಗ್ತೇನಿ. ಹೋಗು, ಕೆಲಸ ನೋಡು."

ರಾಜಶ್ರೀ ಹೋಗಿ ಸೂಟು ಹಾಕ್ಕೊಂಡ್ಲು. ಎರಡನೇ ಸಲಾನೂ ಬಾಯಿ ಮುಚ್ಚಿಕೊಂಡದ್ದ ಆತು.

ಆ ರವಿವಾರ ಸವಣೂರಿಗೆ ಹೋದ್ಲು. ಮಕ್ತುಮಸಾಬರ ಮನಿ ಪಡಸಾಲ್ಯಾಗ ಫರ್ಹತ ಖಾರಾ ಪಾಕೀಟು ಕಟ್ಟಾಕತ್ತಿದ್ಲು. ಎಣ್ಣಿ ಹತ್ತಿದ ಬೆರಳಿಗೆ ಸುಟ್ಟ ಕಲಿ. ರಾಜಶ್ರೀ ಹೊಸ್ತಿಲದಾಗ ನಿಂತ ಎಲ್ಲಾ ಹೇಳಿದ್ಲು. ಕೈಗವಸಿನಾಗ ಮುಚ್ಚಿದ್ದು, ಹಲ್ಲಿಲೆ ಕಡದದ್ದು, ಬಾಯಾಗ ಇಟ್ಕೊಂಡದ್ದು, ಲಿಸ್ಟಿನಾಗ ಮೊದಲ ಇದ್ದ ಹೆಸರು. "ನಿನ್ನ ಕೂಳು ಕಸಕೊಂಡೆ ನಾ. ತಪ್ಪಾತು ಅನ್ನಾಕೂ ನನಗ ಮಾರಿ ಇಲ್ಲ" ಅಂತ ಬಿಕ್ಕಿ ಬಿಕ್ಕಿ ಅತ್ಲು.

ಫರ್ಹತ ಕೈಯಾಗಿನ ಪಾಕೀಟು ಕಟ್ಟಿ ಮುಗಿಸಿದ್ಲು. ಎದ್ದು ಒಳಗ ಹೋಗಿ, ಕಾಗದದ ಸಣ್ಣ ಪುಡಿಕಿ ತಂದ್ಲು.

"ಮಾರ್ಚಿನಾಗ ಓದಿಸೇನಿ. ನೀ ಬರ್ತಿ ಅಂತ ನಿನ್ನ ಪಾಲು ಇಟ್ಟಿದ್ದೆ. ಇರಿವಿ ಹತ್ತಬಾರ್ದಂತ ಎರಡು ಸಲ ಕಾಗದ ಬದಲಿಸೇನಿ."

"ಏನಿದು?"

"ಸಕ್ಕರಿ. ಆವತ್ತ ದರ್ಗಾದಾಗ ಬೇಡ್ಕೊಂಡದ್ದು ರಾಜಕ್ಕನ ನೌಕರಿ ಉಳೀಲಿ ಅಂತ. ಅಷ್ಟ. ನಿನ್ನ ಮಾರಿ ನೋಡಿ ನೋಡಿ ನಂದು ಬೇಡ್ಕೊಳ್ಳೂದ ಮರತಿದ್ದೆ. ಮಾತು ದರ್ಗಾದ ಬಾಬಾಗೆ ಕೊಟ್ಟದ್ದು, ನಿನಗಲ್ಲ. ನಡಸಬೇಕಲ್ಲ?"

ರಾಜಶ್ರೀ ಹಿಂದಕ್ಕ ಸರದ್ಲು. "ಬ್ಯಾಡ ಫರ್ಹತಾ, ನನ್ನ ಬಾಯಿಗೆ ಅದನ್ನ ಹಾಕಬ್ಯಾಡ."

"ಬಾಯಿ ತಗಿ."

ಸಣ್ಣಾಕಿ ಮಾತಿಗೆ ದೊಡ್ಡಾಕಿ ಬಾಯಿ ತಗದ್ಲು. ಫರ್ಹತ ಚಿಟಿಕಿ ಸಕ್ಕರಿ ನಾಲಗಿ ಮ್ಯಾಲ ಹಾಕಿ, ಹಂಗ ಆಕಿ ಬಾಯಿನ್ನ ನೋಡಿಕೋತ ನಿಂತ್ಲು. ಕಣ್ಣಾಗ ನೀರು ತುಂಬಿತ್ತು, ದನಿಯಾಗ ಸಿಟ್ಟೂ ಇತ್ತು.

"ಆವತ್ತ ಇಷ್ಟ ತಗದಿದ್ರ ಸಾಕಿತ್ತಲ್ಲ ಅಕ್ಕಾ" ಅಂದು, ತಿರುಗಿ ಹೋಗಿ ಪಾಕೀಟು ಕಟ್ಟಾಕ ಕುಂತ್ಲು.