ಮಗಳು ಕಾಲೇಜಿನಲ್ಲಿದ್ದಾಳೋ ಇಲ್ಲವೋ

ಹೈಸ್ಕೂಲಿನ ಆ್ಯಪು ನನ್ನ ಫೋನಿನಲ್ಲಿತ್ತು. ಮಗಳು ಕ್ವಿಜ್ಜು ಬರೆದು ಮನೆಗೆ ಬರುವಷ್ಟರಲ್ಲಿ ಅಂಕ ನನಗೆ ತಲುಪಿರುತ್ತಿತ್ತು. ಅವಳು ಬಾಗಿಲಲ್ಲಿ ಶೂ ಬಿಚ್ಚುವಾಗಲೇ ನಾನು ವಿಚಾರಣೆ ಶುರು ಮಾಡುತ್ತಿದ್ದೆ. ತಾಯಿಯಾದವಳಿಗೆ ಇದಕ್ಕಿಂತ ಸುಖ ಇನ್ನೇನು ಬೇಕು?

ಇಲ್ಲಿ ಅಮೆರಿಕದಲ್ಲಿ ಹನ್ನೆರಡರವರೆಗೂ ಹೈಸ್ಕೂಲೇ. ಹನ್ನೊಂದನೇ ತರಗತಿಯಲ್ಲಿ ಅವಳು ಕಮ್ಯುನಿಟಿ ಕಾಲೇಜಿನ ಒಂದು ಕೋರ್ಸು ತೆಗೆದುಕೊಂಡಳು. ಹೈಸ್ಕೂಲಿನಲ್ಲಿ ಇದ್ದುಕೊಂಡೇ ಕಾಲೇಜಿನ ಪಾಠ. ಪಾಸಾದರೆ ಕ್ರೆಡಿಟ್ಟು ಎರಡೂ ಕಡೆ ಸಲ್ಲುತ್ತದೆ. ನಮ್ಮೂರು ಫ್ರೀಮಾಂಟಿನ ಕನ್ನಡ ಬಳಗದಲ್ಲಿ ಇದನ್ನು ಮಾಡದ ಮಕ್ಕಳೇ ಇಲ್ಲವೆಂದು ಕೇಳಿ ನಾನೇ ಬೆನ್ನು ಬಿದ್ದಿದ್ದೆ. ಎಲ್ಲರ ಮಕ್ಕಳೂ ಗಣಿತ, ಕಂಪ್ಯೂಟರು ಎಂದರೆ ಇವಳು ಭೂಗರ್ಭಶಾಸ್ತ್ರ ಆರಿಸಿಕೊಂಡು ಕಲ್ಲು ಹೆಕ್ಕತೊಡಗಿದಳು.

ಕಾಲೇಜಿಗೂ ಆ್ಯಪು ಇತ್ತು. ನನಗೆ ಅದರೊಳಗೆ ಪ್ರವೇಶವಿರಲಿಲ್ಲ. ಮಗಳನ್ನು ಕೇಳಿದರೆ "ಇಟ್ಸ್ ಫೈನ್, ಅಮ್ಮಾ." ಆ ಫೈನು ನನ್ನ ನಿದ್ದೆ ಕೆಡಿಸಿತು. ಕಾಲೇಜಿನ ಅಂಕ ಜೀವನಪೂರ್ತಿ ಬೆನ್ನಟ್ಟಿ ಬರುತ್ತದೆಂದು ಬೇರೆ ಯಾರೋ ಹೆದರಿಸಿದ್ದರು. ಅವಳು ಮುಳುಗುತ್ತಿದ್ದರೆ ನನಗೆ ಗೊತ್ತಾಗುವುದು ಹೇಗೆ? ಜೀನ್ಸಿನ ಜೇಬಿನಿಂದ ವಾಷಿಂಗ್ ಮಷೀನಿಗೆ ಬಿದ್ದ ಕಲ್ಲುಗಳನ್ನೂ ತಿರುಗಿಸಿ ನೋಡಿದೆ. ಅವೂ ಬಾಯಿ ಬಿಡಲಿಲ್ಲ.

ಒಂದು ದಿನ ಅವಳನ್ನು ಕ್ಲಾಸಿಗೆ ಬಿಟ್ಟು, ಗಂಡನಿಗೆ ಫೋನಿನಲ್ಲಿ ತಿಳಿಸಿ, ನೆಟ್ಟಗೆ ಕಾಲೇಜಿನ ಆಫೀಸಿಗೆ ನಡೆದೆ. ಕೈಯಲ್ಲಿ ಚಕ್ಕುಲಿ ಡಬ್ಬಿ ಇತ್ತು. ಮೇಷ್ಟ್ರನ್ನು ಕಾಣಲು ಬರಿಗೈಯಲ್ಲಿ ಹೋಗುವ ಅಭ್ಯಾಸ ನಮಗಿಲ್ಲ.

ಕೌಂಟರಿನ ಹೆಂಗಸು ಬಹಳ ಸೌಜನ್ಯದಿಂದ ಹೇಳಿದಳು: "ಅಂಕ ವಿದ್ಯಾರ್ಥಿಗೆ ಮಾತ್ರ ಸೇರಿದ್ದು. ಅಂಥ ವಿದ್ಯಾರ್ಥಿನಿ ನಮ್ಮಲ್ಲಿ ಇದ್ದಾಳೋ ಇಲ್ಲವೋ ಎಂಬುದನ್ನೂ ನಾನು ಹೇಳುವಂತಿಲ್ಲ."

"ಅಕಿನ್ನ ಹಡದಾಕಿ ನಾನವ್ವಾ!" ಎಂದು ಧಾರವಾಡದ ಕನ್ನಡದಲ್ಲೇ ಅಂದುಬಿಟ್ಟೆ. ಅವಳು ಮುಗುಳ್ನಕ್ಕು ಒಂದು ಚಕ್ಕುಲಿ ತೆಗೆದುಕೊಂಡಳು. ನಿಯಮ ಮಾತ್ರ ಸಡಿಲಿಸಲಿಲ್ಲ.

ಮೈಯೆಲ್ಲ ಉರಿದುಹೋಯಿತು. ಪಾರ್ಕಿಂಗ್ ಲಾಟಿನಲ್ಲಿ ಕಾರೊಳಗೆ ಕುಳಿತು ಉಳಿದ ಚಕ್ಕುಲಿಯನ್ನೆಲ್ಲ ಕಟಕಟ ಮುಗಿಸುತ್ತಿದ್ದಾಗ ಮಗಳು ಬಂದಳು. ಸೀಟಿನ ಮೇಲಿನ ಪುಡಿ ನೋಡಿದಳು, ನನ್ನ ಮುಖ ನೋಡಿದಳು.

"ಅಮ್ಮಾ, ಆಫೀಸಿಗೆ ಹೋಗಿದ್ಯಾ?"

ಸುಳ್ಳು ಹೇಳಲು ಬಾಯಲ್ಲಿ ಜಾಗವಿರಲಿಲ್ಲ. ತಲೆಯಾಡಿಸಿದೆ.

ಕಾರು ಫ್ರೀವೇ ಹತ್ತಿತು. ಅವಳು ಕಿಟಕಿಯ ಕಡೆ ಮುಖ ಮಾಡಿ, "ಮಿಡ್‌ಟರ್ಮಲ್ಲಿ ಐ ಗಾಟ್ ಎ ಸಿ. ಹೇಳೋಳೇ ಇದ್ದೆ. ಐ ಜಸ್ಟ್... ನಾನೇ ಹೇಳ್ಬೇಕು ಅಂತಿತ್ತು" ಎಂದಳು.

ನಾಲಿಗೆಯ ತುದಿಗೆ ಇಡೀ ವಿಚಾರಣೆ ಬಂದು ನಿಂತಿತು. ಎಷ್ಟು ತಪ್ಪು, ಯಾಕೆ ತಪ್ಪು, ಬೇರೆಯವರಿಗೆ ಎಷ್ಟು? ಸ್ಟಿಯರಿಂಗನ್ನು ಗಟ್ಟಿಯಾಗಿ ಹಿಡಿದು ಎಲ್ಲವನ್ನೂ ನುಂಗಿಕೊಂಡೆ. "ಹೇಳಿದ್ದು ಛಲೋ ಆತು" ಎಂದಷ್ಟೇ ಅಂದೆ. ಕಣ್ಣು ತುಂಬಿ ಬಂತು. ಸಿ ಗ್ರೇಡು ಬಂದದ್ದಕ್ಕೋ, ಅವಳೇ ಹೇಳಿದ್ದಕ್ಕೋ ನನಗೂ ತಿಳಿಯಲಿಲ್ಲ.

ಅಷ್ಟರಲ್ಲಿ ಫೋನು ಬಂದು, ಕಾರಿನ ಸ್ಪೀಕರಿನಲ್ಲಿ ಗಂಡನ ದನಿ ಮೊಳಗಿತು. "ಏನಂದ್ರು ಆಫೀಸ್ನ್ಯಾಗ? ಎಷ್ಟು ಬಂದಾವಂತ ಮಾರ್ಕ್ಸು?"

ಮಗಳು ನನ್ನತ್ತ ತಿರುಗಿದಳು.

"ನೋಡ್ರಿ," ಎಂದೆ, "ಅಂಥಾ ಹುಡುಗಿ ಆ ಕಾಲೇಜಿನ್ಯಾಗ ಅದಾಳೋ ಇಲ್ಲೋ ಅನ್ನೋದನ್ನೂ ನಾ ಹೇಳೂ ಹಂಗಿಲ್ಲ."

ಆ ನಿಯಮ ಅವಳಿಗೂ ಗೊತ್ತಿತ್ತು. ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ನಿಂತ ಮೇಲೆ ಜೇಬಿನಿಂದ ಹಸಿರು ಕಲ್ಲೊಂದನ್ನು ತೆಗೆದು, ಅದು ಎಲ್ಲಿಂದ ಬಂತೆಂದು ಹೇಳತೊಡಗಿದಳು. ನಾನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.