ಸಾರುವೆ ಗಂಟು

ದೆವ್ವ, ಮುನ್ಸೂಚನೆ, ಎದುರಿಗಿಲ್ಲದವರ ದನಿ ಕೇಳಿಸುವುದು, ಇಂಥವನ್ನೆಲ್ಲ ನಾನು ನಂಬಿದವನಲ್ಲ. ಯಾರಾದರೂ ಹೇಳಿದರೆ, ಅವರ ನೆನಪು ಎಲ್ಲಿ ಎಡವಿರಬಹುದು ಎಂದು ಹುಡುಕುತ್ತಿದ್ದೆ. ಈಗಲೂ ಹುಡುಕುತ್ತೇನೆ. ಆದರೆ ಈ ಒಂದು ಪ್ರಸಂಗದಲ್ಲಿ ಎಡವಿದ್ದು ನನ್ನ ನೆನಪೋ ಗೆಳೆಯ ಶರಣುವಿನದೋ ಇನ್ನೂ ಗೊತ್ತಾಗಿಲ್ಲ. ಇದನ್ನು ನಾಲ್ಕಾರು ಜನರಿಗೆ ಹೇಳಿದ್ದೇನೆ. ಹೇಳಿದಾಗಲೆಲ್ಲ ಕಥೆಯೊಳಗಿನ ನೀರು ಒಂದೊಂದು ಅಡಿ ಆಳವಾಗಿದೆ. ಹಾಗಾಗಿ ಆಳದ ಮಾತು ಬಿಟ್ಟು, ಖಚಿತವೆನಿಸಿದ್ದನ್ನಷ್ಟೇ ಬರೆಯುತ್ತೇನೆ.

ತೊಂಬತ್ತರ ದಶಕದ ಕೊನೆ. ನಾನು ಜೋಗುಪಾಳ್ಯದಲ್ಲಿ ಬಾಡಿಗೆಗಿದ್ದೆ. ಪಕ್ಕದ ಕೋಣೆಯಲ್ಲಿದ್ದ ಶರಣು, ಅಂದರೆ ಶರಣಪ್ಪ, ಕಲಬುರಗಿ ಕಡೆಯವನು. ಇಂದಿರಾನಗರದಲ್ಲಿ ಏಳುತ್ತಿದ್ದ ಕಟ್ಟಡಗಳಿಗೆ, ಗಾರೆಯವರು ಹತ್ತಿ ನಿಲ್ಲುವ ಕಂಬಗಳ ಸಾರುವೆಯನ್ನು ಹಗ್ಗದಿಂದ ಕಟ್ಟುವುದು ಅವನ ಕೆಲಸ. ಊರ ಬಾವಿಯಲ್ಲಿ ಕಲಿತ ಈಜು. ನನಗಿಂತ ಚೆನ್ನಾಗಿ ಮುಳುಗುತ್ತಿದ್ದ. ಶಿವಾಜಿನಗರದ ಫುಟ್‌ಪಾತಿನಲ್ಲಿ ನನಗೊಂದು ಹರಿದ ವಿದೇಶಿ ಪತ್ರಿಕೆ ಸಿಕ್ಕಿತ್ತು. ಉಸಿರು ಕಟ್ಟಿ ತಳಕ್ಕಿಳಿದು, ಮೀನನ್ನು ಅಟ್ಟಿಸಿಕೊಂಡು ಹೋಗದೆ, ಬಂಡೆಯ ಮರೆಯಲ್ಲಿ ಹೊಂಚು ಹಾಕಿ ಮಲಗುವ ಬೇಟೆಯ ಬಗ್ಗೆ ಅದರಲ್ಲಿತ್ತು. ಮೀನು ತಾನಾಗಿಯೇ ಕುತೂಹಲದಿಂದ ಹತ್ತಿರ ಬರಬೇಕು, ಆಗ ಈಟಿ ಬಿಡಬೇಕು. ಸಮುದ್ರ ನಮಗೆ ಒಂದು ರಾತ್ರಿಯ ಬಸ್ಸಿನಷ್ಟು ದೂರ. ಹತ್ತಿರವಿದ್ದದ್ದು ಮಹದೇವಪುರದ ಆಚೆ, ಕೆಲಸ ನಿಂತು ನೀರು ತುಂಬಿಕೊಂಡಿದ್ದ ಕಲ್ಲು ಕ್ವಾರಿ. ಯಾರೋ ತಂದು ಬಿಟ್ಟ ಜಿಲೇಬಿ ಮೀನು, ಕಾಟ್ಲಾ ಅದರಲ್ಲಿದ್ದವು.

ಸಾಮಾನು ನಾವೇ ಹೊಂದಿಸಿಕೊಂಡೆವು. ಶಿವಾಜಿನಗರದ ಹಳೆಯ ಸಾಮಾನಿನ ರಾಶಿಯಿಂದ, ನೀರಿನೊಳಗೆ ಕಣ್ಣು ಬಿಡಲು ಗಾಜಿನ ಮುಖಗವಸು ಒಂದು. ಲಾರಿಯ ಮಡ್‌ಗಾರ್ಡ್ ರಬ್ಬರನ್ನು ಕತ್ತರಿಸಿ ಕಾಲಿಗೆ ರೆಕ್ಕೆ. ಲೇತಿನವನು ಚೂಪು ಮಾಡಿಕೊಟ್ಟ ಉಕ್ಕಿನ ಸರಳು, ಅದನ್ನು ಚಿಮ್ಮಿಸಲು ಮೆಡಿಕಲ್ ಶಾಪಿನ ರಬ್ಬರ್ ಕೊಳವೆ ಬಿಗಿದ ಮರದ ಬಂದೂಕು. ಬಂದೂಕಿಗೆ ಉದ್ದನೆಯ ಹಗ್ಗ. ಅದರ ಇನ್ನೊಂದು ತುದಿ ಮೇಲಿದ್ದವನ ಕೈಯಲ್ಲಿ. ಮೈ ತೇಲದಂತೆ ಸೊಂಟಕ್ಕೆ ಸೀಸ ಬೇಕು. ಟೈರ್ ಅಂಗಡಿಯವರು ಚಕ್ರಕ್ಕೆ ಬಡಿಯುವ ಸೀಸದ ತುಂಡುಗಳನ್ನು ಎರಡು ಕ್ಯಾನ್ವಾಸ್ ಬೆಲ್ಟುಗಳಿಗೆ ಹೊಲಿದೆವು. ಬೆಲ್ಟುಗಳ ಬಕಲ್ ಮುರಿದಿದ್ದವು, ಹಗ್ಗದಿಂದ ಕಟ್ಟಿಕೊಳ್ಳುತ್ತಿದ್ದೆವು. ಆ ಗಂಟು ಒಂದೇ ಎಳೆತಕ್ಕೆ ಬಿಚ್ಚಬೇಕು. ಬಿಚ್ಚದಿದ್ದರೆ, ಅಪಾಯದಲ್ಲಿ ಸೀಸವೇ ಮನುಷ್ಯನನ್ನು ತಳದಲ್ಲಿ ಹಿಡಿದಿಡುತ್ತದೆ.

ಸಾಮಾನಿಗಿಂತ ಕಷ್ಟದ್ದು ಮನಸ್ಸು. ತಲೆಯಲ್ಲಿ ಒಂದು ಮಾತು ಉಳಿದಿದ್ದರೂ ಎದೆಬಡಿತ ಏರುತ್ತದೆ, ಉಸಿರು ಬೇಗ ಮುಗಿಯುತ್ತದೆ, ಮೀನು ಹತ್ತಿರ ಸುಳಿಯುವುದಿಲ್ಲ. ಅದಕ್ಕಾಗಿ ನಾನೊಂದು ನಿಯಮ ಮಾಡಿದ್ದೆ: ಸಾಮಾನು ಕಟ್ಟಿಕೊಂಡ ಮೇಲೆ ಬಂಡೆಯ ಮೇಲೆ ಹತ್ತು ನಿಮಿಷ ಕೂರಬೇಕು, ಇಬ್ಬರೂ ತುಟಿ ಬಿಚ್ಚಬಾರದು. ಶರಣುವಿಗೆ ಇದು ಶಿಕ್ಷೆಯಾಗಿತ್ತು. ಹಿಂದಿನ ಭಾನುವಾರ ಅವನು ಮಧ್ಯದಲ್ಲಿ ಮೇಸ್ತ್ರಿಯ ಮೀಸೆಯ ಸುದ್ದಿ ತೆಗೆದಾಗ ನಾನು ರೇಗಿದ್ದೆ.

"ನೀ ಮೀನ್ ಹಿಡಿಯೋಕ್ ಬಂದಿದ್ಯೋ, ಹರಟೆ ಹೊಡ್ಯೋಕ್ ಬಂದಿದ್ಯೋ?"

"ತಪ್ಪಾತ್ರಿ ಅಣ್ಣಾರ. ಮಠದ ಸ್ವಾಮಿಗೋಳು ಸುದಾ ಇಷ್ಟ್ ಸುಮ್ನ ಕೂಡಂಗಿಲ್ರಿ," ಎಂದಿದ್ದ.

ನಾನು ಹೇಳಹೊರಟ ದಿನ, ಬೆಳಿಗ್ಗೆ ಹತ್ತರ ಹೊತ್ತು. ಮೌನದಲ್ಲಿ ಕೂತಿದ್ದಾಗ ಅವನ ಸೊಂಟದ ಗಂಟು ನನ್ನ ಕಣ್ಣಿಗೆ ಬಿತ್ತು. ಎಷ್ಟು ಜಗ್ಗಿದರೆ ಅಷ್ಟು ಬಿಗಿಯುವ ಸಾರುವೆ ಗಂಟು. ತಪ್ಪು ಅವನದಲ್ಲ, ಅವನ ಕೈಯದು. ಬಿಚ್ಚದಂತೆ ಕಟ್ಟುವುದಕ್ಕೇ ಆ ಕೈಗೆ ಕೂಲಿ ಸಿಗುತ್ತಿತ್ತು. ಹೇಳಬೇಕಾದ ಮಾತನ್ನು ನಾನು ಮನಸ್ಸಿನಲ್ಲೇ ಜೋಡಿಸಿದೆ: "ಶರಣು, ಇದು ಸಾರುವೆ ಅಲ್ಲ ಕಣೋ, ಬಿಚ್ಚೋ ಗಂಟು ಹಾಕು." ಆದರೆ ಹೇಳಲಿಲ್ಲ. ಹೋದ ವಾರ ರೇಗಿದವನು ಈ ವಾರ ನಾನೇ ನಿಯಮ ಮುರಿಯುವುದು ಹೇಗೆ? ಮೊದಲು ಇಳಿಯುವವನು ನಾನು. ಮೇಲೆ ಬಂದು ಹೇಳಿದರಾಯಿತು ಅಂದುಕೊಂಡೆ. ಹೇಳಲಿಲ್ಲ ಎಂಬುದು ಮಾತ್ರ ನನಗೆ ಖಚಿತ.

ತಳದಲ್ಲಿ ಮಲಗಿದೆ. ಆ ಮಾತು ತಲೆಯಿಂದ ಹೋಗಲಿಲ್ಲ. ಒಂದು ಜಿಲೇಬಿ ಬಂತು. ಬಂದೂಕನ್ನು ಎರಡು ಸಲ ಅತ್ತಿತ್ತ ತಿರುಗಿಸಿದೆ, ಅದು ಹೊರಟುಹೋಯಿತು. ಉಸಿರು ಸಾಲದೆ ಮೇಲೆ ಬಂದೆ. ಬಾಯಿ ತೆರೆಯುವಷ್ಟರಲ್ಲಿ ಶರಣು ಹೇಳಿದ:

"ಬಿಚ್ಚೋ ಗಂಟ್ ಹಾಕೀನ್ ನೋಡ್ರಿ. ಈಗ ಸಮಾಧಾನ ಏನ್ರಿ?"

"ಯಾರ್ ಹೇಳಿದ್ರು ನಿಂಗೆ?"

"ನೀವೇ ಹೇಳಿದ್ರಲ್ರಿ. ಈಗ ಮ್ಯಾಲ್ ಬಂದು, ಇದು ಸಾರುವೆ ಅಲ್ಲ ಕಣೋ ಅಂತ ಬೈದು ಮತ್ತ ಮುಳುಗಿದ್ರಿ. ನಿಯಮ ಮಾಡಿದವ್ರೇ ಮುರದ್ರ ಹ್ಯಾಂಗ್ರಿ?"

ಚೇಷ್ಟೆ ಅಂದುಕೊಂಡೆ. ಬಂದೂಕು ಅವನಿಗೆ ಕೊಟ್ಟು ಹಗ್ಗ ಹಿಡಿದೆ. ಅವನು ಇಳಿದ. ಯಾವಾಗಲೂ ಬರುವ ಹೊತ್ತಿಗೆ ಬರಲಿಲ್ಲ. ಹಗ್ಗ ಎಳೆದೆ, ಹಗುರವಾಗಿ ಬಂತು, ತುದಿಯಲ್ಲಿ ಬಂದೂಕೊಂದೇ. ಆ ಕ್ಷಣ ನನ್ನ ಕಣ್ಣ ಮುಂದೆ ಬಂದದ್ದು ಹೊಸ ಗಂಟಲ್ಲ, ಹಳೆಯದು. ನಾನು ಧುಮುಕುವಷ್ಟರಲ್ಲಿ ಸ್ವಲ್ಪ ದೂರದಲ್ಲಿ ಅವನ ತಲೆ ಮೇಲೆದ್ದಿತು. ತುಟಿ ನೀಲಿಗಟ್ಟಿತ್ತು, ಸೊಂಟದಲ್ಲಿ ಬೆಲ್ಟಿರಲಿಲ್ಲ. ದಡಕ್ಕೆ ಎಳೆದು ತಂದೆ. ಕೆಮ್ಮಿ ನೀರು ಉಗುಳಿ ಹೇಳಿದ:

"ಎರಡೂ ಕಾಲಿನ ನರ ಹಿಡಕೊಂಡ್ವು ಅಣ್ಣಾರ. ಗಂಟ್ ಒಂದ್ ಸಲ ಜಗ್ಗಿದೆ, ಬಿಚ್ಚಿತು."

ಮೊದಲಿಗೆ ನಾನೇ ಒಂದು ವಿವರಣೆ ಕೊಟ್ಟುಕೊಂಡೆ. ಉಸಿರು ಕಟ್ಟಿದಾಗ ಮಿದುಳು ಮಂಕಾಗುತ್ತದೆ. ನಾನು ನಿಜವಾಗಿಯೂ ಮೇಲೆ ಬಂದು, ಮಾತಾಡಿ, ಮರೆತಿರಬೇಕು. ಕೆಲವು ತಿಂಗಳು ಇದರಲ್ಲಿ ನೆಮ್ಮದಿಯಾಗಿದ್ದೆ. ಆಮೇಲೊಂದು ದಿನ ಶರಣು, ಏನೂ ದೊಡ್ಡ ಸಂಗತಿಯಲ್ಲ ಎಂಬಂತೆ, ಇನ್ನೊಂದು ಮಾತು ಹೇಳಿದ. "ನೀವು ಮ್ಯಾಲ ಬೈಲಾಕತ್ತಾಗ ಹಗ್ಗ ನನ್ ಕೈಯಾಗೇ ಇತ್ರಿ. ಕೆಳಗಿಂದ ಎರಡ್ ಸಲ ಜಗ್ಗಿತು. ಮೀನ್ ಇರ್ಬೇಕಂದೆ." ಹಗ್ಗದ ಕೆಳತುದಿಯಲ್ಲಿದ್ದದ್ದು ನನ್ನ ಕೈಯ ಬಂದೂಕು. ತಳದಲ್ಲಿ ಅದನ್ನು ಎರಡು ಸಲ ತಿರುಗಿಸಿದ್ದನ್ನು ನಾನು ಅವನಿಗೆ ಹೇಳಿದ್ದೆನೇ? ಇಲ್ಲ ಅನಿಸುತ್ತದೆ. ಅನಿಸುತ್ತದೆ, ಅಷ್ಟೆ. ಬಂಡೆಯ ಮೇಲೆ ಜೋಡಿಸಿದೆ ಎನ್ನುವ ಆ ವಾಕ್ಯವೂ ಅವನ ಬಾಯಿಂದ ಕೇಳಿದ ಮೇಲೆ ನನ್ನ ತಲೆಯಲ್ಲಿ ಹಿಂದಕ್ಕೆ ಹೋಗಿ ಕೂತಿದ್ದೇ ಇರಬಹುದು. ಈ ದಾರಿಯಲ್ಲಿ ಎಷ್ಟು ಸಲ ನಡೆದರೂ ಆ ಹಗ್ಗದ ಹತ್ತಿರ ಬಂದು ನಿಲ್ಲುತ್ತೇನೆ.

ಆಮೇಲೆ ನಾವು ಕ್ವಾರಿಗೆ ಹೋಗಲಿಲ್ಲ. ಕೆಲವು ವರ್ಷಗಳಲ್ಲಿ ಅದನ್ನು ಮಣ್ಣು ಹಾಕಿ ಮುಚ್ಚಿ ಅಪಾರ್ಟ್‌ಮೆಂಟ್ ಕಟ್ಟಿದರು. ಶರಣು ಈಗ ಕೆ.ಆರ್.ಪುರದಲ್ಲಿದ್ದಾನೆ, ಅವನ ಕೈಕೆಳಗೆ ಹತ್ತು ಜನರಿದ್ದಾರೆ. ಮನೆಗೆ ಹೋದಾಗಲೆಲ್ಲ ಹೆಂಡತಿ ಮಕ್ಕಳ ಮುಂದೆ ಆ ಕಥೆ ತೆಗೆಯುತ್ತಾನೆ. "ಅವತ್ತು ಅಣ್ಣಾರು ಹೇಳ್ದಿದ್ರ ನಾ ಎಲ್ಲಿರ್ತಿದ್ದೆ" ಎಂದು ಶುರು ಮಾಡುತ್ತಾನೆ. ಅವನ ಹೆಂಡತಿ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತಾಳೆ. ಗಂಟನ್ನು ನೋಡಿಯೂ ಬಾಯಿ ಮುಚ್ಚಿಕೊಂಡು ನೀರಿಗಿಳಿದವನು ನಾನು ಎಂದು ಅವನಿಗೆ ಇವತ್ತಿನವರೆಗೂ ಹೇಳಿಲ್ಲ. ಪ್ರತಿ ಸಲವೂ ಹೇಳಬೇಕೆಂದೇ ಹೋಗುತ್ತೇನೆ. ರೊಟ್ಟಿ ತಿಂದು ಬರುತ್ತೇನೆ.